ಹಬ್ಬದ ದಟ್ಟಣೆಯಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣ: ಡಿಜಿಯಾತ್ರಾ ಎಲ್ಲಿವರೆಗೆ ಕೈಹಿಡಿಯುತ್ತದೆ, ಉಳಿದದ್ದಕ್ಕೆ ಏನು ಮಾಡಬೇಕು

ಕಾಗದ ತೋರಿಸುವ ಬದಲು ಕ್ಯಾಮೆರಾಗೆ ಮುಖ ತೋರಿಸಿ ವಿಮಾನ ನಿಲ್ದಾಣದ ಬಾಗಿಲು ದಾಟಲು ಬಿಡುವ ಆ್ಯಪ್ ಡಿಜಿಯಾತ್ರಾ, ಒಳ್ಳೆಯ ಸೇವೆ. ಬೆಂಗಳೂರಿನಿಂದ ದೇಶದೊಳಗೆ ಹಾರುವ ಎಲ್ಲರೂ ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಬಹುದು. ಆದರೆ ಅದು ತಪ್ಪಿಸುವುದು ಎರಡೇ ಸಾಲುಗಳನ್ನು: ಟರ್ಮಿನಲ್ ಬಾಗಿಲಿನ ಸಾಲು, ಭದ್ರತಾ ತಪಾಸಣೆಯ ಜಾಗಕ್ಕೆ ಒಳಬಿಡುವ ಬಾಗಿಲಿನ ಸಾಲು. ಹೆಬ್ಬಾಳದ ಟ್ರಾಫಿಕ್, ಬ್ಯಾಗ್ ಕೊಡುವ ಕೌಂಟರ್, ಎಕ್ಸ್‌ರೇ ಬೆಲ್ಟ್ ಈ ಮೂರನ್ನೂ ಅದು ಮುಟ್ಟುವುದಿಲ್ಲ. ಹಬ್ಬದ ದಿನಗಳಲ್ಲಿ ವಿಮಾನ ತಪ್ಪುವುದು ಹೆಚ್ಚಾಗಿ ಈ ಮೂರರಿಂದಲೇ. ಆದ್ದರಿಂದ ಆ್ಯಪ್ ಒಂದನ್ನು ಇಳಿಸಿಕೊಂಡು ನಿಶ್ಚಿಂತೆಯಾಗಿ ತಡವಾಗಿ ಹೊರಡುವವರಿಗೆ ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಕೆಂಪೇಗೌಡ ನಿಲ್ದಾಣದಲ್ಲಿ 2024-25ರ ಆರ್ಥಿಕ ವರ್ಷದಲ್ಲಿ 4.1 ಕೋಟಿಗೂ ಹೆಚ್ಚು ಜನ ಓಡಾಡಿದ್ದಾರೆ. ಆಯುಧಪೂಜೆಯ ಹಿಂದಿನ ಸಂಜೆ, ದೀಪಾವಳಿಗೆ ರಾಜ್ಯೋತ್ಸವ ಸೇರಿಕೊಂಡ ವಾರಾಂತ್ಯ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಸಂಕ್ರಾಂತಿಯ ಆಸುಪಾಸು: ಈ ದಿನಗಳಲ್ಲಿ ಜನ ಹೆಚ್ಚುತ್ತಾರೆ ಅನ್ನುವುದಷ್ಟೇ ಅಲ್ಲ, ಜನರ ಬಗೆಯೂ ಬದಲಾಗುತ್ತದೆ. ಒಂದು ಲ್ಯಾಪ್‌ಟಾಪ್ ಬ್ಯಾಗ್ ಹಿಡಿದು ವಾರಕ್ಕೊಮ್ಮೆ ಹಾರುವವರ ಜಾಗದಲ್ಲಿ ಅಜ್ಜಿ, ತಾತ, ಕೈಗೂಸು, ನಾಲ್ಕು ಸೂಟ್‌ಕೇಸ್, ಎರಡು ಸಿಹಿತಿಂಡಿ ಡಬ್ಬಿಯ ಕುಟುಂಬಗಳು ಬರುತ್ತವೆ. ಪ್ರತಿ ಟ್ರೇಗೂ ಪ್ರತಿ ಕೌಂಟರಿಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಸಾಲಿನ ಉದ್ದ ನೋಡಿ ಅಂದಾಜು ಹಾಕುವವರು ಅಲ್ಲೇ ಎಡವುತ್ತಾರೆ. ಅಷ್ಟೇ ಉದ್ದದ ಸಾಲು ಮಾಮೂಲಿ ಮಂಗಳವಾರಕ್ಕಿಂತ ಹಬ್ಬದ ಶುಕ್ರವಾರ ನಿಧಾನವಾಗಿ ಸಾಗುತ್ತದೆ.

ಡಿಜಿಯಾತ್ರಾ: ಹೆಸರು ಹೊಂದಿದರೆ ಸಲೀಸು

2022ರ ಡಿಸೆಂಬರ್ 1ರಂದು ದೆಹಲಿ, ವಾರಾಣಸಿಗಳ ಜೊತೆ ಬೆಂಗಳೂರಿನಲ್ಲೂ ಈ ಸೇವೆ ಶುರುವಾಯಿತು. ನಡೆಸುವುದು ಡಿಜಿಯಾತ್ರಾ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ. ಅದರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು 26 ಶೇಕಡಾ, ಉಳಿದದ್ದು ಬೆಂಗಳೂರೂ ಸೇರಿದಂತೆ ಐದು ನಿಲ್ದಾಣಗಳ ಕಂಪನಿಗಳದ್ದು. ಹಣ ಕೊಡಬೇಕಾಗಿಲ್ಲ, ಕಡ್ಡಾಯವೂ ಅಲ್ಲ. ದೇಶದೊಳಗಿನ ಪ್ರಯಾಣಕ್ಕೆ ಮಾತ್ರ.

ಮಾಡಬೇಕಾದ ಕೆಲಸ ಎರಡು ಹಂತದ್ದು. ಒಮ್ಮೆ ಮಾತ್ರ ಮಾಡುವುದು: ಮೊಬೈಲ್ ನಂಬರ್ ಕೊಟ್ಟು ಒಟಿಪಿ ಹಾಕುವುದು, ಡಿಜಿಲಾಕರ್ ಮೂಲಕ ಆಧಾರ್ ಜೋಡಿಸುವುದು, ಸೆಲ್ಫಿ ತೆಗೆಯುವುದು. ಆಧಾರ್‌ಗೆ ಜೋಡಿಸಿರುವ ನಂಬರಿನ ಸಿಮ್ ಕೈಯಲ್ಲಿರಬೇಕು, ಏಕೆಂದರೆ ಆ ಒಟಿಪಿ ಅಲ್ಲಿಗೇ ಬರುತ್ತದೆ. ಹಳೆಯ ನಂಬರ್ ಬಿಟ್ಟು ಆಧಾರ್ ಕೇಂದ್ರದಲ್ಲಿ ಬದಲಿಸದೇ ಇರುವವರು ಇಲ್ಲೇ ನಿಂತುಬಿಡುತ್ತಾರೆ. ಇದನ್ನು ಪ್ರಯಾಣದ ಹಿಂದಿನ ರಾತ್ರಿ ಸರಿಪಡಿಸಲಾಗದು, ಹಬ್ಬಕ್ಕೆ ಎರಡು ಮೂರು ವಾರ ಮೊದಲೇ ನೋಡಿಕೊಳ್ಳಬೇಕು. ಸೆಲ್ಫಿಯನ್ನು ಕಿಟಕಿಗೆ ಎದುರಾಗಿ, ಬೆಳಕು ಮುಖದ ಮೇಲೆ ಬೀಳುವಂತೆ ನಿಂತು ತೆಗೆಯಿರಿ. ಬೆನ್ನ ಹಿಂದೆ ಬೆಳಕಿದ್ದರೆ ಮುಖ ಕಪ್ಪಾಗಿ ಆಧಾರ್ ಫೋಟೊಗೆ ತಾಳೆಯಾಗುವುದಿಲ್ಲ. ಹದಿನೈದು ವರ್ಷದ ಹಿಂದಿನ ಆಧಾರ್ ಫೋಟೊ ಇರುವವರಿಗೆ ಈ ತೊಂದರೆ ಇನ್ನೂ ಹೆಚ್ಚು. ಫೋಟೊ ಹೊಸದು ಮಾಡಿಸಿಕೊಂಡರೆ ಡಿಜಿಯಾತ್ರಾಕ್ಕಷ್ಟೇ ಅಲ್ಲ, ಬೇರೆ ಹತ್ತು ಕೆಲಸಕ್ಕೂ ಒಳ್ಳೆಯದು.

ಪ್ರತಿ ಪ್ರಯಾಣಕ್ಕೂ ಮಾಡುವುದು: ವೆಬ್ ಚೆಕ್-ಇನ್ (ವಿಮಾನ ಸಂಸ್ಥೆಯ ತಾಣದಲ್ಲೇ ಬೋರ್ಡಿಂಗ್ ಪಾಸ್ ಪಡೆಯುವುದು) ಮಾಡಿ, ಬೋರ್ಡಿಂಗ್ ಪಾಸ್‌ನ ಬಾರ್‌ಕೋಡನ್ನು ಆ್ಯಪಿಗೆ ಸೇರಿಸಿ, ಹೊರಡುವ ನಿಲ್ದಾಣದೊಂದಿಗೆ ಹಂಚಿಕೊಳ್ಳುವುದು. ಈ ಕೊನೆಯ ಹಂಚಿಕೆಯ ಬಟನ್ ಒತ್ತದೇ ಬಿಡುವವರು ಬಹಳ. ಪಾಸ್ ಆ್ಯಪಿನಲ್ಲಿ ಕಾಣಿಸುತ್ತಿರುತ್ತದೆ, ಆದರೆ ನಿಲ್ದಾಣಕ್ಕೆ ತಲುಪಿರುವುದಿಲ್ಲ. ಗೇಟಿನ ಎದುರು ನಿಂತಾಗ ಮಾಹಿತಿ ಸಿಗುತ್ತಿಲ್ಲ ಎಂದು ಪರದೆ ಹೇಳುತ್ತದೆ, ಹಿಂದೆ ನಿಂತವರು ಗೊಣಗುತ್ತಾರೆ. ಮನೆಯ ವೈಫೈಯಲ್ಲಿ ಇದ್ದಾಗಲೇ ಇದನ್ನು ಮುಗಿಸಿ. ನಂತರ ಕೌಂಟರಿನಲ್ಲಿ ಸೀಟ್ ಬದಲಿಸಿ ಹೊಸ ಪಾಸ್ ತೆಗೆದುಕೊಂಡರೆ ಆ ಹೊಸ ಪಾಸನ್ನೂ ಸೇರಿಸಿ ಮತ್ತೆ ಹಂಚಿಬಿಡಿ.

ಇನ್ನು ಹೆಸರಿನ ವಿಚಾರ. ಕರ್ನಾಟಕದವರಿಗೆ ಡಿಜಿಯಾತ್ರಾ ಕೈಕೊಡುವ ದೊಡ್ಡ ಕಾರಣ ಇನಿಷಿಯಲ್. ಆಧಾರ್‌ನಲ್ಲಿ ‘ಮಂಜುನಾಥ ಕೆ ಆರ್’ ಎಂದಿರುತ್ತದೆ. ಟಿಕೆಟ್ ತಾಣ ಮೊದಲ ಹೆಸರು, ಕೊನೆಯ ಹೆಸರು ಎರಡನ್ನೂ ಕೇಳುತ್ತದೆ. ಒಂದಕ್ಷರದ ಕೊನೆಯ ಹೆಸರನ್ನು ಕೆಲವು ತಾಣಗಳು ಒಪ್ಪುವುದಿಲ್ಲ. ಆಗ ಜನ ಊರ ಹೆಸರನ್ನೋ ಅಪ್ಪನ ಹೆಸರನ್ನೋ ಬಿಡಿಸಿ ಬರೆಯುತ್ತಾರೆ, ಇಲ್ಲವೇ ಮೊದಲ ಹೆಸರನ್ನೇ ಎರಡೂ ಕಡೆ ತುಂಬುತ್ತಾರೆ. ಬಾಗಿಲಲ್ಲಿ ನಿಂತ ಸಿಐಎಸ್‌ಎಫ್ (ಕೇಂದ್ರ ಭದ್ರತಾ ಪಡೆ) ಸಿಬ್ಬಂದಿ ಎರಡನ್ನೂ ನೋಡಿ ಒಬ್ಬರೇ ಎಂದು ಅರ್ಥ ಮಾಡಿಕೊಳ್ಳಬಲ್ಲರು, ಆ್ಯಪ್ ಮಾತ್ರ ಅಕ್ಷರಗಳನ್ನು ಹೋಲಿಸುತ್ತದೆ. ಒಂದೆರಡು ಅಕ್ಷರದ ಅಂತರ ಕೆಲವೊಮ್ಮೆ ದಾಟಿಹೋಗುತ್ತದೆ, ಇಡೀ ಪದವೇ ಬೇರೆಯಾದರೆ ದಾಟುವುದಿಲ್ಲ. ಟಿಕೆಟ್ ಮಾಡುವಾಗಲೇ ಆಧಾರ್ ಕಾರ್ಡನ್ನು ಎದುರಿಗಿಟ್ಟುಕೊಂಡು, ಅದರ ಇಂಗ್ಲಿಷ್ ಕಾಗುಣಿತವನ್ನು ಹಾಗೆಯೇ ನಕಲು ಮಾಡುವುದೇ ದಾರಿ. ‘ಲಕ್ಷ್ಮಿ’ಗೆ ಎಷ್ಟು ಬಗೆಯ ಸ್ಪೆಲ್ಲಿಂಗ್ ಇದೆ ಎಂದು ಹೇಳಬೇಕಾಗಿಲ್ಲ. ಮನೆಯವರೆಲ್ಲರ ಟಿಕೆಟ್‌ಗಳನ್ನು ಒಬ್ಬರೇ ನೆನಪಿನಿಂದ ತುಂಬುವಾಗ ಇಂಥ ತಪ್ಪು ಸಹಜ. ತಪ್ಪಾಗಿದ್ದರೆ ಚೆಕ್-ಇನ್‌ಗೆ ಮುಂಚೆ, ಸಾಧ್ಯವಾದಷ್ಟು ಬೇಗ ವಿಮಾನ ಸಂಸ್ಥೆಯನ್ನು ಸಂಪರ್ಕಿಸಿ. ಚೆಕ್-ಇನ್ ಆದಮೇಲೆ ತಿದ್ದುವುದು ಕಷ್ಟ.

ಖಾಸಗಿತನದ ಬಗ್ಗೆ ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ ಅದು. ಗುರುತಿನ ವಿವರ ಫೋನಿನಲ್ಲೇ ಇರುತ್ತದೆ, ಹೊರಡುವ ನಿಲ್ದಾಣಕ್ಕೆ ಹಂಚಿದ್ದನ್ನು ವಿಮಾನ ಹೊರಟ 24 ಗಂಟೆಯೊಳಗೆ ಅಳಿಸಬೇಕು ಎನ್ನುವುದು ವ್ಯವಸ್ಥೆಯ ನಿಯಮ. ಇದು ಸಾಲದು ಅನ್ನಿಸುವವರು ಮಾಮೂಲಿ ಬಾಗಿಲಲ್ಲೇ ಹೋಗಬಹುದು. ನಿಲ್ದಾಣದ ಬಾಗಿಲಲ್ಲಿ ಯಾರಾದರೂ ನಿಮ್ಮ ಫೋನ್ ತೆಗೆದುಕೊಂಡು ನೋಂದಣಿ ಮಾಡಿಸಲು ಮುಂದಾದರೆ ಬೇಡ ಎನ್ನುವ ಹಕ್ಕು ನಿಮಗಿದೆ.

ಕುಟುಂಬವಾಗಿ ಹೋಗುವಾಗ ಒಂದು ಮಾತು. ಆರು ಜನರಲ್ಲಿ ಮೂವರಿಗೆ ಮಾತ್ರ ಡಿಜಿಯಾತ್ರಾ ಇದ್ದರೆ ಗುಂಪು ಒಡೆಯುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರು ಮಾಮೂಲಿ ಸಾಲಿನಲ್ಲಿ ಒಬ್ಬರೇ ಉಳಿಯುತ್ತಾರೆ, ಬೇಗ ಒಳಹೋದವರು ಒಳಗೆ ಕಾಯುತ್ತಾರೆ. ಒಟ್ಟು ಸಮಯ ಏನೂ ಉಳಿಯುವುದಿಲ್ಲ. ಇಂಥ ಗುಂಪಿಗೆ ನಮ್ಮ ಸಲಹೆ: ದೊಡ್ಡ ಬ್ಯಾಗ್‌ಗಳಿರುವ ಒಬ್ಬಿಬ್ಬರು ಡಿಜಿಯಾತ್ರಾದಲ್ಲಿ ಮುಂದೆ ಹೋಗಿ ಬ್ಯಾಗ್ ಡ್ರಾಪ್ (ಬ್ಯಾಗ್ ಒಪ್ಪಿಸುವ) ಸಾಲು ಹಿಡಿಯಲಿ, ಉಳಿದವರೆಲ್ಲ ಒಟ್ಟಿಗೆ ಮಾಮೂಲಿ ಬಾಗಿಲಲ್ಲಿ ಬರಲಿ. ಡಿಜಿಯಾತ್ರಾ ಇದ್ದವರೂ ಗುರುತಿನ ಚೀಟಿ ಜೊತೆಗಿಟ್ಟುಕೊಳ್ಳಿ, ಸಿಬ್ಬಂದಿ ಯಾವಾಗ ಬೇಕಾದರೂ ಕೇಳಬಹುದು. ಎಂಆಧಾರ್ ಅಥವಾ ಡಿಜಿಲಾಕರ್‌ನಲ್ಲಿ ತೆರೆದು ತೋರಿಸುವ ಆಧಾರ್ ನಡೆಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆಧಾರ್ ಫೋಟೊ ನಡೆಯುವುದಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಜನನ ಪ್ರಮಾಣಪತ್ರ ಅಥವಾ ಮಗುವಿನ ಆಧಾರ್ ಬೇಕು, ವಯಸ್ಸಿನ ಪುರಾವೆ ಇಲ್ಲದೆ ಕೌಂಟರಿನಲ್ಲಿ ಪೂರ್ತಿ ಟಿಕೆಟ್ ಕೇಳಿದರೆ ವಾದ ಮಾಡಿ ಪ್ರಯೋಜನವಿಲ್ಲ.

ಯಾವ ಟರ್ಮಿನಲ್ ಎಂದು ಮೊದಲು ನೋಡಿ

ಎರಡನೇ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಯಾಗಿ, 2023ರ ಜನವರಿಯಲ್ಲಿ ದೇಶೀಯ ವಿಮಾನಗಳಿಗೂ ಅದೇ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ವಿಮಾನಗಳಿಗೂ ತೆರೆಯಿತು. ಮೊದಲ ಹಂತವೇ ಸುಮಾರು 2.55 ಲಕ್ಷ ಚದರ ಮೀಟರ್. ತೂಗುತೋಟ, ಬಿದಿರಿನ ಚಾವಣಿ, ನೀರಿನ ಸದ್ದು ಎಲ್ಲ ಸೇರಿ ದಟ್ಟಣೆಯಲ್ಲೂ ಉಸಿರಾಡಲು ಜಾಗವಿದೆ ಅನ್ನಿಸುವಂಥ ಕಟ್ಟಡ. ದೇಶದಲ್ಲಿ ಇಷ್ಟು ಪ್ರೀತಿಯಿಂದ ಕಟ್ಟಿದ ನಿಲ್ದಾಣಗಳು ಕಡಿಮೆ. ಆದರೆ ದೊಡ್ಡದು ಎಂದರೆ ನಡಿಗೆಯೂ ದೊಡ್ಡದೇ. ಭದ್ರತೆ ಮುಗಿದ ಮೇಲೆ ದೂರದ ಗೇಟಿಗೆ 10ರಿಂದ 15 ನಿಮಿಷ ಎಂದು ಲೆಕ್ಕ ಹಾಕಿ, ಮಕ್ಕಳಿದ್ದರೆ ಇನ್ನೂ ಐದು ಸೇರಿಸಿ.

ಇಂಡಿಗೋ, ಆಕಾಶ ಏರ್‌ನ ದೇಶೀಯ ವಿಮಾನಗಳು ಟಿ1ರಿಂದ. ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಸ್ಟಾರ್ ಏರ್ ಮತ್ತು ಎಲ್ಲ ಅಂತರರಾಷ್ಟ್ರೀಯ ವಿಮಾನಗಳು ಟಿ2ರಿಂದ. ಇಂಡಿಗೋದಲ್ಲೇ ವಿದೇಶಕ್ಕೆ ಹೋಗುವವರು ಅಭ್ಯಾಸಬಲದಿಂದ ಟಿ1ಕ್ಕೆ ಹೋಗಿಬಿಡುವುದು ಸಾಮಾನ್ಯ. ಹಂಚಿಕೆ ಬದಲಾಗುತ್ತಿರುತ್ತದೆ, ಆದ್ದರಿಂದ ಬೋರ್ಡಿಂಗ್ ಪಾಸ್‌ನಲ್ಲಿ ಮುದ್ರಿಸಿದ ಟರ್ಮಿನಲ್ ಸಂಖ್ಯೆಯೇ ಅಂತಿಮ. ಕ್ಯಾಬ್ ಬುಕ್ ಮಾಡುವಾಗ ಕೂಡ ‘ಏರ್‌ಪೋರ್ಟ್’ ಎಂದಷ್ಟೇ ಬರೆಯದೆ ಟರ್ಮಿನಲ್ ಸಂಖ್ಯೆ ಆರಿಸಿ. ತಪ್ಪಿ ಇಳಿದರೆ ಎರಡರ ನಡುವೆ ಉಚಿತ ಶಟಲ್ ಬಸ್ ಇದೆ, ಆದರೆ ಕಾಯುವುದೂ ಸೇರಿ ಒಳ್ಳೆಯ ಅರ್ಧ ಗಂಟೆ ಕೈಬಿಟ್ಟಿತು ಎಂದೇ ತಿಳಿಯಿರಿ.

ದಾರಿ: ಬಸ್ಸೋ ಕ್ಯಾಬೋ

ಮೆಜೆಸ್ಟಿಕ್‌ನಿಂದ ನಿಲ್ದಾಣಕ್ಕೆ ಸುಮಾರು 35 ಕಿಲೋಮೀಟರ್. ಅದರಲ್ಲಿ ಹೊತ್ತು ತಿನ್ನುವುದು ಹೆಬ್ಬಾಳ. ಮೇಖ್ರಿ ವೃತ್ತದ ಕಡೆಯಿಂದ ಬರುವವರೂ ಹೊರವರ್ತುಲ ರಸ್ತೆಯವರೂ ಅಲ್ಲಿ ಒಂದಾಗುತ್ತಾರೆ, ಲೇನ್‌ಗಳು ಕಡಿಮೆಯಾಗುತ್ತವೆ. ನಂತರ ಸಾದಹಳ್ಳಿ ಟೋಲ್. ಹಬ್ಬದ ಹಿಂದಿನ ಸಂಜೆ ಊರಿಗೆ ಹೊರಟ ಕಾರುಗಳೂ ಇದೇ ಬಳ್ಳಾರಿ ರಸ್ತೆಯಲ್ಲಿ ಚಿಕ್ಕಬಳ್ಳಾಪುರ, ಅನಂತಪುರದ ಕಡೆಗೆ ಸಾಗುವುದರಿಂದ ವಿಮಾನ ಹಿಡಿಯದವರ ಟ್ರಾಫಿಕ್ಕೂ ನಿಮ್ಮ ಪಾಲಿಗೆ ಬರುತ್ತದೆ. ಪೂರ್ವ ಬೆಂಗಳೂರಿನವರು ಹೆಣ್ಣೂರು–ಬಾಗಲೂರು ರಸ್ತೆ ಹಿಡಿದರೆ ಹೆಬ್ಬಾಳ ಪೂರ್ತಿ ತಪ್ಪುತ್ತದೆ. ಮಳೆ ಬಂದ ದಿನ ಮಾತ್ರ ಆ ದಾರಿಯ ಸ್ಥಿತಿ ನೋಡಿಕೊಂಡು ಹೊರಡಿ.

ಬಿಎಂಟಿಸಿಯ ವಾಯುವಜ್ರ ಬಸ್ ನಮ್ಮ ಮೊದಲ ಆಯ್ಕೆ. ಅದೇ ರಸ್ತೆಯಲ್ಲಿ ಹೋಗುವುದರಿಂದ ಅದು ಕ್ಯಾಬಿಗಿಂತ ಬೇಗ ತಲುಪಿಸುವುದಿಲ್ಲ, ಆ ಭ್ರಮೆ ಬೇಡ. ಆದರೆ ದಟ್ಟಣೆಯ ದಿನ ಕ್ಯಾಬಿನ ದರ ಏರುತ್ತದೆ, ಬೆಳಗಿನ ಜಾವ ಮೂರೂವರೆಗೆ ಚಾಲಕ ಬುಕಿಂಗ್ ರದ್ದು ಮಾಡಿದರೆ ಇನ್ನೊಂದು ಸಿಗುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗುತ್ತದೆ. ಬಸ್ಸಿನ ದರ ಏರುವುದಿಲ್ಲ, ಬಸ್ಸು ನಿಮ್ಮನ್ನು ರದ್ದು ಮಾಡುವುದಿಲ್ಲ. ಮುಖ್ಯ ಮಾರ್ಗಗಳಲ್ಲಿ ರಾತ್ರಿಯೂ ಓಡುತ್ತದೆ. ಮೆಜೆಸ್ಟಿಕ್‌ನಿಂದ ಕೆಐಎ-9, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಕೆಐಎ-8. ಬಸ್ ಎಲ್ಲಿದೆ ಎಂದು ನಮ್ಮ ಬಿಎಂಟಿಸಿ ಆ್ಯಪ್‌ನಲ್ಲಿ ನೋಡಬಹುದು. ಒಳಗೆ ಸೂಟ್‌ಕೇಸ್ ಇಡುವ ಸ್ಟ್ಯಾಂಡ್ ಇದೆ. ಹಬ್ಬದ ದಿನಗಳಲ್ಲಿ ಅದು ಬೇಗ ತುಂಬುತ್ತದೆ.

ಅದಕ್ಕೇ ಒಂದು ಕಿವಿಮಾತು: ಸಾಮಾನು ಹೆಚ್ಚಿದ್ದರೆ ಬಸ್ ಹೊರಡುವ ಮೊದಲ ನಿಲ್ದಾಣಕ್ಕೇ ಹೋಗಿ ಹತ್ತಿ. ಮೇಖ್ರಿ ವೃತ್ತ, ಹೆಬ್ಬಾಳದಲ್ಲಿ ನಿಂತು ಕಾಯುವವರಿಗೆ ಬಸ್ ಬರುವ ಹೊತ್ತಿಗೆ ಸೀಟೂ ಇರುವುದಿಲ್ಲ, ಸೂಟ್‌ಕೇಸಿಗೆ ಜಾಗವೂ ಇರುವುದಿಲ್ಲ. ಮಧ್ಯದ ನಿಲ್ದಾಣವೇ ಹತ್ತಿರವಾದರೆ ಒಂದು ಬಸ್ ಬಿಟ್ಟು ಇನ್ನೊಂದಕ್ಕೆ ಕಾಯುವಷ್ಟು ಸಮಯ ಸೇರಿಸಿಕೊಂಡು ಹೊರಡಿ.

ಮೈಸೂರು, ಮಡಿಕೇರಿಯ ಕಡೆಯವರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ನಿಲ್ದಾಣದಿಂದಲೇ ಇದೆ. ದಸರಾ ಸಮಯದಲ್ಲಿ ಮುಂಗಡ ಬುಕ್ ಮಾಡದೆ ನಂಬಬೇಡಿ. ನಿಲ್ದಾಣದ ಪಕ್ಕದಲ್ಲೇ 2021ರ ಜನವರಿಯಲ್ಲಿ ಶುರುವಾದ ರೈಲು ಹಾಲ್ಟ್ ಕೂಡ ಇದೆ. ಅಗ್ಗ, ಆದರೆ ದಿನಕ್ಕೆ ಕೆಲವೇ ರೈಲು. ಸಮಯ ಕೂಡಿಬಂದರೆ ಮಾತ್ರ. ಮೆಟ್ರೊದ ನೀಲಿ ಮಾರ್ಗ ಬಂದ ಮೇಲೆ ಈ ಭಾಗದ ಲೆಕ್ಕವೆಲ್ಲ ಬದಲಾಗಲಿದೆ.

ಎಷ್ಟು ಹೊತ್ತಿಗೆ ಹೊರಡಬೇಕು? ಹಿಂದಿನಿಂದ ಲೆಕ್ಕ ಹಾಕಿ. ಇಂಡಿಗೋ, ಏರ್ ಇಂಡಿಯಾ ಎರಡೂ ದೇಶೀಯ ವಿಮಾನ ಹೊರಡುವ 60 ನಿಮಿಷ ಮೊದಲು ಚೆಕ್-ಇನ್ ಕೌಂಟರ್ ಮುಚ್ಚುತ್ತವೆ, 25 ನಿಮಿಷ ಮೊದಲು ಬೋರ್ಡಿಂಗ್ ಗೇಟ್. ಜಯನಗರದಿಂದ ಹೊರಡುವ ಕುಟುಂಬಕ್ಕೆ ಕ್ರಿಸ್‌ಮಸ್ ವಾರದಲ್ಲಿ ಬೆಳಗ್ಗೆ 7.30ರ ವಿಮಾನ, ಕೊಡಬೇಕಾದ ಬ್ಯಾಗ್ ಮೂರು ಎಂದಿಟ್ಟುಕೊಳ್ಳಿ. ಕೌಂಟರ್ ಮುಚ್ಚುವುದು 6.30ಕ್ಕೆ. ಬ್ಯಾಗಿನ ಸಾಲಿಗೆ ಒಂದು ಗಂಟೆ, ಬಾಗಿಲಿಗೆ ಅರ್ಧ ಗಂಟೆ ಬಿಟ್ಟರೆ 5 ಗಂಟೆಗೆ ಟರ್ಮಿನಲ್ ಎದುರು ಇಳಿಯಬೇಕು. ಆ ಹೊತ್ತಿನಲ್ಲಿ ರಸ್ತೆ ಖಾಲಿ, ಆದರೂ 3.40ಕ್ಕೆ ಮನೆ ಬಿಡಿ. ಬೆಳಗಿನ 5ರಿಂದ 8ರ ನಡುವೆ ಹೊರಡುವ ವಿಮಾನಗಳು ಒತ್ತೊತ್ತಾಗಿ ಇರುವುದರಿಂದ ರಸ್ತೆ ಖಾಲಿ ಇದ್ದರೂ ನಿಲ್ದಾಣ ತುಂಬಿರುತ್ತದೆ. ಅದೇ ಮನೆಯವರಿಗೆ ಆಯುಧಪೂಜೆಯ ಹಿಂದಿನ ದಿನ ರಾತ್ರಿ 8ರ ವಿಮಾನವಾದರೆ 5.30ಕ್ಕೆ ತಲುಪಲು 3 ಗಂಟೆಗೇ ಹೊರಡಬೇಕು, ಸಂಜೆಯ ಹೆಬ್ಬಾಳಕ್ಕೆ ಅಷ್ಟು ಕೊಡಲೇಬೇಕು. ಕೈಬ್ಯಾಗ್ ಮಾತ್ರ ಇದ್ದು ಡಿಜಿಯಾತ್ರಾ ಸಿದ್ಧವಿರುವ ಒಬ್ಬರೇ ಪ್ರಯಾಣಿಕರಿಗೆ ಟರ್ಮಿನಲ್‌ನಲ್ಲಿ ಒಂದೂಮುಕ್ಕಾಲು ಗಂಟೆ ಸಾಕು. ಡಿಜಿಯಾತ್ರಾದ ನಿಜವಾದ ಲಾಭ ಇಂಥವರಿಗೇ.

ಬ್ಯಾಗ್ ಡ್ರಾಪ್

ವೆಬ್ ಚೆಕ್-ಇನ್ ಸಾಮಾನ್ಯವಾಗಿ 48 ಗಂಟೆ ಮೊದಲೇ ತೆರೆಯುತ್ತದೆ. ಹಬ್ಬದ ವಿಮಾನ ಪೂರ್ತಿ ತುಂಬಿರುವುದರಿಂದ ತಡ ಮಾಡಿದಷ್ಟೂ ಮನೆಯವರೆಲ್ಲ ಒಟ್ಟಿಗೆ ಕೂರುವ ಸಾಧ್ಯತೆ ಕಡಿಮೆ. ನಿಲ್ದಾಣದಲ್ಲಿ ಸ್ವಯಂಸೇವೆಯ ಕಿಯಾಸ್ಕ್‌ಗಳಿವೆ: ಪಿಎನ್‌ಆರ್ ಹಾಕಿದರೆ ಪಾಸ್ ಮತ್ತು ಬ್ಯಾಗಿನ ಟ್ಯಾಗ್ ಎರಡೂ ಬರುತ್ತವೆ. ಟ್ಯಾಗನ್ನು ಹಿಡಿಕೆಗೆ ಸುತ್ತಿ, ಅಂಟು ಅಂಟಿಗೆ ಸರಿಯಾಗಿ ಕೂರುವಂತೆ ಒತ್ತಿ, ಸ್ವಯಂ ಬ್ಯಾಗ್ ಡ್ರಾಪ್ ಯಂತ್ರದ ಬೆಲ್ಟಿನ ಮೇಲೆ ಬಾರ್‌ಕೋಡ್ ಮೇಲೆ ಕಾಣುವಂತೆ ಮಲಗಿಸಿ. ರಸೀದಿ ಬರುವವರೆಗೆ ಅಲ್ಲಿಂದ ಕದಲಬೇಡಿ.

ಯಂತ್ರ ನಿರಾಕರಿಸುವುದು ಮೂರು ಕಾರಣಕ್ಕೆ. ಹಿಂದಿನ ಪ್ರಯಾಣದ ಟ್ಯಾಗ್ ಅಥವಾ ಅದರ ಪುಟ್ಟ ಸ್ಟಿಕ್ಕರ್ ಬ್ಯಾಗಿನಲ್ಲೇ ಉಳಿದು ಎರಡು ಬಾರ್‌ಕೋಡ್ ಕಾಣುವುದು. ಉದ್ದ ಪಟ್ಟಿ, ಹಗ್ಗ ಜೋತಾಡುವುದು. ತೂಕ ಮೀರುವುದು. ದೇಶೀಯ ಎಕಾನಮಿಯಲ್ಲಿ ಸಾಮಾನ್ಯವಾಗಿ 15 ಕಿಲೋ ಒಪ್ಪಿಸುವ ಸಾಮಾನು, 7 ಕಿಲೋ ಕೈಬ್ಯಾಗ್. ಮನೆಯಲ್ಲೇ ತೂಗು ತಕ್ಕಡಿಯಲ್ಲಿ 14 ಕಿಲೋಗೆ ನಿಲ್ಲಿಸಿ. ಕೌಂಟರ್ ಎದುರು ನೆಲದ ಮೇಲೆ ಬ್ಯಾಗ್ ಬಿಚ್ಚಿ ಸೀರೆಗಳನ್ನು ಇನ್ನೊಂದಕ್ಕೆ ತುರುಕುವುದು ಹಬ್ಬದ ದಿನಗಳಲ್ಲಿ ಅಲ್ಲಿ ನಿತ್ಯದ ನೋಟ. ಹಿಂದೆ ಇರುವ ಇಡೀ ಸಾಲು ನಿಲ್ಲುವುದೂ ಅದರಿಂದಲೇ.

ಹಬ್ಬದ ಸಾಮಾನಿನಲ್ಲಿ ಏನು ಸಿಕ್ಕಿಬೀಳುತ್ತದೆ

ಕೈಬ್ಯಾಗಿನ ಟ್ರೇ ಪಕ್ಕಕ್ಕೆ ಸರಿದು ಮರುತಪಾಸಣೆಗೆ ಹೋದರೆ ದಟ್ಟಣೆಯಲ್ಲಿ ಹತ್ತು ಹದಿನೈದು ನಿಮಿಷ ಹೋದಂತೆ. ನಮ್ಮವರ ಹಬ್ಬದ ಬ್ಯಾಗಿನಲ್ಲಿ ಇದಕ್ಕೆ ಕಾರಣಗಳು ತುಂಬಿರುತ್ತವೆ.

ಒಣ ಕೊಬ್ಬರಿ ಮೊದಲನೆಯದು. ಎಣ್ಣೆಯ ಅಂಶ ಹೆಚ್ಚಿರುವ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿದೆ, ಆದ್ದರಿಂದ ಇಡೀ ಗಿಟುಕನ್ನು ಒಪ್ಪಿಸುವ ಸಾಮಾನಿನಲ್ಲಿ ಇಟ್ಟರೂ ತೆಗೆಸುತ್ತಾರೆ. ಮಗಳ ಮನೆಗೆ ಸಂಕ್ರಾಂತಿಗೆಂದು ತಿಪಟೂರು ಕೊಬ್ಬರಿ ಒಯ್ಯುವ ಆಸೆಯಿದ್ದರೆ ಕೊರಿಯರ್ ಲೇಸು, ಇಲ್ಲವೇ ಎಳ್ಳುಬೆಲ್ಲಕ್ಕೆ ಬೇಕಾದ ಕೊಬ್ಬರಿಯನ್ನು ಅಲ್ಲಿಯೇ ಕೊಳ್ಳಲಿ. ಇಡೀ ತೆಂಗಿನಕಾಯಿ ಕೈಬ್ಯಾಗಿನಲ್ಲಿ ನಿಷಿದ್ಧ. ಶಬರಿಮಲೆಗೆ ಹೋಗುವ ಮಾಲಾಧಾರಿಗಳ ಇರುಮುಡಿಯ ತೆಂಗಿನಕಾಯಿಗೆ ಮಾತ್ರ 2024ರಿಂದ ಯಾತ್ರೆಯ ಅವಧಿಗೆ ಸೀಮಿತವಾಗಿ ವಿನಾಯಿತಿ ಕೊಟ್ಟಿದ್ದಾರೆ. ಆಯಾ ವರ್ಷದ ಆದೇಶ ಜಾರಿಯಲ್ಲಿದೆಯೇ ಎಂದು ವಿಮಾನ ಸಂಸ್ಥೆಯನ್ನು ಕೇಳಿಯೇ ಹೊರಡಿ.

ಕರ್ಪೂರ ಎರಡರಲ್ಲೂ ಬೇಡ, ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಬೆಂಕಿಪೊಟ್ಟಣ, ಲೈಟರ್ ಬೇಡ. ಪೂಜೆಯ ತಟ್ಟೆಯ ಜೊತೆ ಇವು ಮೂರೂ ಒಟ್ಟಿಗೆ ಕಟ್ಟಿಕೊಂಡು ಬರುತ್ತವೆ, ಮನೆಯಲ್ಲೇ ಬೇರ್ಪಡಿಸಿ. ಪಟಾಕಿಯಂತೂ ಸುರುಸುರುಬತ್ತಿಯಿಂದ ಹಿಡಿದು ಯಾವುದೂ, ಎಲ್ಲಿಯೂ ಒಯ್ಯುವಂತಿಲ್ಲ.

ಉಪ್ಪಿನಕಾಯಿ, ತುಪ್ಪ ಒಪ್ಪಿಸುವ ಸಾಮಾನಿನಲ್ಲಿ ಹೋಗಲಿ. ಕೈಬ್ಯಾಗಿನಲ್ಲಿ ಎಣ್ಣೆ ತೇಲುವ ಮೆಣಸಿನಕಾಯಿ ಉಪ್ಪಿನಕಾಯಿ ಬಿಡುವುದಿಲ್ಲ. ಗಾಜಿನ ಬಾಟಲಿ ಬೇಡ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯನ್ನು ಮುಕ್ಕಾಲು ಮಾತ್ರ ತುಂಬಿ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಗಿಸಿ, ಹೊರಗೆ ಟೇಪ್ ಸುತ್ತಿ, ಎರಡು ಕವರಿನೊಳಗೆ ಇಳಿಸಿ. ಮೇಲೇರಿದಾಗ ಒಳಗಿನ ಗಾಳಿ ಹಿಗ್ಗುವುದರಿಂದ ತುಂಬು ಡಬ್ಬಿಯ ಎಣ್ಣೆ ಹೊರಗೆ ಬರುತ್ತದೆ, ಬ್ಯಾಗಿನಲ್ಲಿರುವ ರೇಷ್ಮೆ ಸೀರೆಗೆ ಅಂಟಿದರೆ ಹೋಗುವುದಿಲ್ಲ.

ಮೈಸೂರು ಪಾಕ್, ಧಾರವಾಡ ಪೇಡ ಕೈಬ್ಯಾಗಿನಲ್ಲಿ ಧಾರಾಳವಾಗಿ ಹೋಗುತ್ತವೆ. ಆದರೆ ಒತ್ತಾಗಿ ತುಂಬಿದ ಸಿಹಿ ಎಕ್ಸ್‌ರೇ ಪರದೆಯಲ್ಲಿ ಗಟ್ಟಿ ಇಟ್ಟಿಗೆಯ ಹಾಗೆ ಕಾಣುತ್ತದೆ, ಅದರ ಹಿಂದಿರುವುದು ಕಾಣುವುದಿಲ್ಲ. ಡಬ್ಬಿಯನ್ನು ಬ್ಯಾಗಿನ ತಳದಲ್ಲಿ ಚಾರ್ಜರ್ ವೈರುಗಳ ಜೊತೆ ಹೂತಿಟ್ಟರೆ ಟ್ರೇ ಪಕ್ಕಕ್ಕೆ ಹೋಗುವುದು ಬಹುತೇಕ ಖಚಿತ. ಮೇಲೆ, ಒಂಟಿಯಾಗಿ ಇಡಿ.

ಪವರ್ ಬ್ಯಾಂಕ್ ಕೈಬ್ಯಾಗಿನಲ್ಲಿ ಮಾತ್ರ. ಒಪ್ಪಿಸಿದ ಸೂಟ್‌ಕೇಸಿನಲ್ಲಿ ಅದು ಕಂಡರೆ ನಿಮ್ಮನ್ನು ಕರೆಸಿ ಬ್ಯಾಗ್ ತೆರೆಸುತ್ತಾರೆ. ಅಷ್ಟರಲ್ಲಿ ನೀವು ಭದ್ರತೆ ದಾಟಿದ್ದರೆ ಗೊಂದಲವೋ ಗೊಂದಲ. ಮಿತಿ 100 ವಾಟ್ ಅವರ್. 20,000 ಎಂಎಎಚ್‌ನದು 3.7 ವೋಲ್ಟ್ ಲೆಕ್ಕದಲ್ಲಿ 74 ಆಗುತ್ತದೆ, ತೊಂದರೆಯಿಲ್ಲ. 27,000 ಎಂಎಎಚ್ ಮಿತಿಯ ಅಂಚಿನಲ್ಲಿದೆ. ಮೇಲಿನ ಮುದ್ರೆ ಅಳಿಸಿಹೋದ ಪವರ್ ಬ್ಯಾಂಕನ್ನು ಮನೆಯಲ್ಲೇ ಬಿಡಿ, ಎಷ್ಟರದ್ದು ಎಂದು ತೋರಿಸಲು ಆಗದಿದ್ದರೆ ಕಸದ ಡಬ್ಬಿಗೆ ಹೋಗುತ್ತದೆ.

ಸಾಲಿನಲ್ಲಿ ನಿಂತಿರುವಾಗಲೇ ಬೆಲ್ಟ್, ವಾಚ್, ಪರ್ಸ್, ಕೀ, ಚಿಲ್ಲರೆ, ಫೋನ್ ಎಲ್ಲವನ್ನೂ ಕೈಬ್ಯಾಗಿನ ಒಂದೇ ಖಾನೆಗೆ ಹಾಕಿ ಜಿಪ್ ಎಳೆಯಿರಿ. ಟ್ರೇಯಲ್ಲಿ ಬಿಡಿಬಿಡಿಯಾಗಿ ಇಟ್ಟ ವಾಚ್ ಮರೆತುಹೋಗುವುದು ಸಾಮಾನ್ಯ. ಲ್ಯಾಪ್‌ಟಾಪ್, ಪವರ್ ಬ್ಯಾಂಕ್ ಬೇರೆ ಟ್ರೇಯಲ್ಲಿ. ಬೇಕಿಲ್ಲ ಎಂದು ಆ ಸಾಲಿನ ಸಿಬ್ಬಂದಿ ಹೇಳಿದರೆ ಮಾತ್ರ ಒಳಗೇ ಬಿಡಿ, ಏಕೆಂದರೆ ಎಲ್ಲ ಸಾಲಿನ ಯಂತ್ರಗಳೂ ಒಂದೇ ಬಗೆಯವಲ್ಲ.

ಹಿರಿಯರು, ಮತ್ತು ವಿದೇಶಕ್ಕೆ ಹೋಗುವವರು

ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡುವಾಗಲೇ, ಕೊನೆಗೆ 48 ಗಂಟೆ ಮೊದಲಾದರೂ ವಿಮಾನ ಸಂಸ್ಥೆಗೆ ತಿಳಿಸಿ, ಪಿಎನ್‌ಆರ್‌ನಲ್ಲಿ ಅದು ನಮೂದಾಗಿದೆಯೇ ನೋಡಿ. ಹಬ್ಬದ ದಿನಗಳಲ್ಲಿ ಕೋರಿಕೆ ಹೆಚ್ಚು, ತಳ್ಳುವವರು ಕಡಿಮೆ. ಬಾಗಿಲಿನಲ್ಲಿ ಕೇಳಿದವರಿಗಿಂತ ಮೊದಲೇ ಹೇಳಿದವರಿಗೆ ಸರದಿ ಬೇಗ ಬರುತ್ತದೆ. ಹಾಗಿದ್ದೂ ಅರ್ಧ ಗಂಟೆ ಕಾಯಬೇಕಾಗಬಹುದು ಎಂದು ಅಮ್ಮ, ಅಪ್ಪನಿಗೆ ಮೊದಲೇ ಹೇಳಿಡಿ, ಔಷಧಿಯ ಚೀಲ ಅವರ ಕೈಯಲ್ಲೇ ಇರಲಿ.

ಡಿಸೆಂಬರ್‌ನಲ್ಲಿ ಮನೆಗೆ ಬಂದು ಹೋಗುವ ಹೊರದೇಶದ ಕನ್ನಡಿಗರಿಗೆ ಡಿಜಿಯಾತ್ರಾ ಉಪಯೋಗವಿಲ್ಲ, ಅವರಿಗೆ ಬೇಕಾದದ್ದು ವಲಸೆ ತಪಾಸಣೆಯ ತ್ವರಿತ ಗೇಟ್. ಕೇಂದ್ರ ಗೃಹ ಸಚಿವಾಲಯದ ಈ ಯೋಜನೆ 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಗಿ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೂ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇರುವವರಿಗೂ ಉಚಿತ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆ ಬೆರಳಚ್ಚು ಮತ್ತು ಮುಖದ ಚಿತ್ರ ಕೊಡಬೇಕು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಒಮ್ಮೆ ಆದರೆ ಐದು ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ವಿದೇಶ ಪ್ರಯಾಣಿಕರಿಗೆ ಈಗ ಸಿಗುತ್ತಿರುವ ಸೇವೆಗಳಲ್ಲಿ ಶ್ರಮಕ್ಕೆ ತಕ್ಕ ಫಲ ಕೊಡುವುದು ಇದೇ. ಅಕ್ಟೋಬರ್‌ನಲ್ಲೇ ಅರ್ಜಿ ಹಾಕಿದರೆ ಡಿಸೆಂಬರ್‌ಗೆ ಒದಗುತ್ತದೆ.

ಒಳಗೆ ಹೋದ ಮೇಲೆ, ವಿಮಾನ ತಡವಾದರೆ

ಲೌಂಜ್‌ಗಳು ಚೆನ್ನಾಗಿವೆ, ಆದರೆ ಕ್ರೆಡಿಟ್ ಕಾರ್ಡ್ ಹಿಡಿದವರ ಸಾಲು ಹಬ್ಬದ ಬೆಳಗ್ಗೆ ಹೊರಗಿನವರೆಗೂ ಬರುತ್ತದೆ. ತಿಂಡಿಯನ್ನು ಲೌಂಜ್ ಮೇಲೆ ನಂಬಿ ಕೂರಬೇಡಿ, ಮಕ್ಕಳಿಗೆ ಮನೆಯ ಚಪಾತಿಯೋ ಚಿತ್ರಾನ್ನವೋ ಡಬ್ಬಿಯಲ್ಲಿ ಇರಲಿ, ಅದನ್ನು ಯಾರೂ ತಡೆಯುವುದಿಲ್ಲ. ಖಾಲಿ ನೀರಿನ ಬಾಟಲಿ ಒಯ್ದರೆ ಒಳಗೆ ತುಂಬಿಕೊಳ್ಳಬಹುದು. ಬೋರ್ಡಿಂಗ್‌ಗೆ ಮೈಕಿನಲ್ಲಿ ಕೂಗುತ್ತಾರೆ ಎಂದು ಕಾಯದೆ ಪರದೆ ನೋಡುತ್ತಿರಿ, ಕೊನೆಗಳಿಗೆಯಲ್ಲಿ ಗೇಟ್ ಬದಲಾಗುವುದುಂಟು.

ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನಲ್ಲಿ ಮಂಜು ಇದ್ದರೂ ಇಲ್ಲಿಂದ ಹಾರುವುದು ಮೊದಲಿನಷ್ಟು ಕಷ್ಟವಲ್ಲ. 2019ರ ಡಿಸೆಂಬರ್‌ನಲ್ಲಿ ತೆರೆದ ದಕ್ಷಿಣದ ರನ್‌ವೇಯಲ್ಲಿ ದಟ್ಟ ಮಂಜಿನಲ್ಲೂ ಇಳಿಸುವ ಕ್ಯಾಟ್-3ಬಿ ಸಲಕರಣೆ ಇದೆ. ತೊಂದರೆ ಬರುವುದು ಉತ್ತರದಿಂದ. ನಿಮ್ಮ ಸಂಜೆಯ ಹುಬ್ಬಳ್ಳಿ ವಿಮಾನಕ್ಕೆ ಬರಬೇಕಾದ ವಿಮಾನ ಬೆಳಗ್ಗೆ ದೆಹಲಿಯ ಮಂಜಿನಲ್ಲಿ ಸಿಕ್ಕಿಕೊಂಡಿದ್ದರೆ ದಿನವಿಡೀ ತಡ ಮುಂದಕ್ಕೆ ಹರಿಯುತ್ತದೆ. ವಿಮಾನದ ಸಂಖ್ಯೆ ಹಾಕಿ, ನಿಮ್ಮ ವಿಮಾನ ಎಲ್ಲಿಂದ ಬರುತ್ತಿದೆ ಎಂದು ತೋರಿಸುವ ತಾಣಗಳಲ್ಲಿ ನೋಡಿಕೊಂಡರೆ ಸಂಸ್ಥೆಯ ಸಂದೇಶ ಬರುವ ಮೊದಲೇ ಗೊತ್ತಾಗುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಹಬ್ಬದ ವಾರದಲ್ಲಿ ದಿನದ ಮೊದಲ ವಿಮಾನವನ್ನೇ ಹಿಡಿಯಿರಿ, ಅದು ಹಿಂದಿನ ರಾತ್ರಿಯೇ ಇಲ್ಲಿಗೆ ಬಂದು ನಿಂತಿರುವ ಸಾಧ್ಯತೆ ಹೆಚ್ಚು.

ತಡವಾದಾಗ ಏನು ಕೇಳಬಹುದು ಎಂಬುದು ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಿಯಮದಲ್ಲಿ ಸ್ಪಷ್ಟವಿದೆ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆಗಿಂತ ಹೆಚ್ಚು ತಡವಾದರೆ ತಿಂಡಿ, ಪಾನೀಯ ಕೊಡಬೇಕು. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಆಯ್ಕೆ ನಿಮ್ಮದು. ಸಾಕಷ್ಟು ಮೊದಲೇ ತಿಳಿಸದೆ ರದ್ದು ಮಾಡಿದರೆ ಹಾರಾಟದ ಅವಧಿ ನೋಡಿ ಗರಿಷ್ಠ 5,000ದಿಂದ 10,000 ರೂಪಾಯಿವರೆಗೆ ಪರಿಹಾರವೂ ಇದೆ, ಆದರೆ ಮಂಜಿನಂಥ ಕೈಮೀರಿದ ಕಾರಣಕ್ಕೆ ಅದು ಸಿಗುವುದಿಲ್ಲ. ಕೌಂಟರ್ ಎದುರು ಇನ್ನೂರು ಜನರ ಜೊತೆ ಕೂಗಾಡುವ ಬದಲು ಸಂಸ್ಥೆಯ ಆ್ಯಪ್‌ನಲ್ಲೇ ಬದಲಿ ವಿಮಾನ ಆರಿಸಿಕೊಳ್ಳಿ, ಉಳಿದ ಕೆಲವೇ ಸೀಟುಗಳು ಅಲ್ಲಿ ಮೊದಲು ಹೋಗುತ್ತವೆ.

ವಾಪಸ್ ಬಂದಾಗ ಕರೆದೊಯ್ಯಲು ಬರುವವರಿಗೆ ಒಂದು ಮಾತು ಹೇಳಿಡಿ: ಆಗಮನದ ಬಾಗಿಲ ಎದುರು ಕಾರು ನಿಲ್ಲಿಸಲು ಕೆಲವೇ ನಿಮಿಷ ಉಚಿತ, ಮೀರಿದರೆ ಶುಲ್ಕ ಜೋರಾಗಿದೆ. ನೀವು ಬ್ಯಾಗ್ ಕೈಗೆ ಬಂದ ಮೇಲೆ ಫೋನ್ ಮಾಡಿ, ಅಲ್ಲಿಯವರೆಗೆ ಅವರು ಹೆದ್ದಾರಿಯ ಯಾವುದಾದರೂ ಹೋಟೆಲ್‌ನಲ್ಲಿ ಕಾಫಿ ಕುಡಿಯುತ್ತಿರಲಿ. ಬೆಲ್ಟ್ ನಿಂತರೂ ಬ್ಯಾಗ್ ಬಾರದಿದ್ದರೆ ಆ ಹಾಲ್ ಬಿಟ್ಟು ಹೊರಗೆ ಬರಬೇಡಿ. ಅಲ್ಲೇ ಇರುವ ನಿಮ್ಮ ವಿಮಾನ ಸಂಸ್ಥೆಯ ಡೆಸ್ಕಿನಲ್ಲಿ ಟ್ಯಾಗಿನ ರಸೀದಿ ತೋರಿಸಿ, ಬ್ಯಾಗಿನ ಬಣ್ಣ, ಒಳಗಿರುವ ಮುಖ್ಯ ವಸ್ತುಗಳು, ನಿಮ್ಮ ವಿಳಾಸ ಬರೆಸಿ, ದೂರಿನ ಸಂಖ್ಯೆ ಇರುವ ಪ್ರತಿ ತೆಗೆದುಕೊಳ್ಳಿ. ಹೊರಗೆ ಬಂದ ಮೇಲೆ ಮತ್ತೆ ಒಳಗೆ ಹೋಗುವುದು ಕಷ್ಟ, ಆ ಪ್ರತಿ ಇಲ್ಲದೆ ಫೋನಿನಲ್ಲಿ ಕೇಳಿದರೆ ಉತ್ತರ ಸಿಗುವುದೂ ಕಷ್ಟ. ಬ್ಯಾಗ್ ಕೊಡುವ ಮೊದಲು ಅದರ ಒಂದು ಫೋಟೊ ತೆಗೆದಿಟ್ಟುಕೊಂಡಿದ್ದರೆ ಈ ಡೆಸ್ಕಿನ ಕೆಲಸ ಐದು ನಿಮಿಷದ್ದು.